ಕರಾಟೆ ಬೇರೆ, ಕುಂಗ್ ಫು ಬೇರೆ: ವ್ಯತ್ಯಾಸ ತಿಳಿಯಲು ಕೊಲ್ಹಾಪುರದ ತಾಲೀಮಿಗೆ ಬನ್ನಿ

ಕೊಲ್ಹಾಪುರದ ಹಳೆ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ 'ಇಲ್ಲಿ ಗರಡಿ ಮನೆ ಎಲ್ಲಿದೆ' ಅಂತ ಕೇಳಿದರೆ ಅವರು ಮುಖ ನೋಡಿಯಾರು. ಅಲ್ಲಿ ಕೇಳಬೇಕಾದ್ದು 'ತಾಲೀಮ್ ಎಲ್ಲಿದೆ' ಅಂತ. ಗಂಗಾವೇಸ್ ತಾಲೀಮ್, ಮೋತಿಬಾಗ್ ತಾಲೀಮ್, ಶಾಹುಪುರಿ ತಾಲೀಮ್, ಹೀಗೆ ಒಂದೊಂದು ಪೇಟೆಗೆ ಒಂದೊಂದು. ಅಲ್ಲಿ ಕುಸ್ತಿ ಕಲಿಸುವ ಹಿರಿಯರಿಗೆ 'ವಸ್ತಾದ್' ಅನ್ನುತ್ತಾರೆ. ಮದ್ರಸದ ಬೆಂಚಿನಲ್ಲಿ ಕೂತು ಕಲಿತ ನಮ್ಮ ಬ್ಯಾರಿ ಮಕ್ಕಳಿಗೆ ಈ ಎರಡು ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ತಅ್‌ಲೀಮ್ ಅಂದರೆ ಕಲಿಸುವುದು, ಉಸ್ತಾದ್ ಅಂದರೆ ಕಲಿಸುವವರು. ಮರಾಠಿ ನಾಲಿಗೆಯಲ್ಲಿ ಉಸ್ತಾದ್ ಸ್ವಲ್ಪ ಉರುಳಿ ವಸ್ತಾದ್ ಆಗಿದೆ, ಅಷ್ಟೇ. ಕರಾವಳಿಯಲ್ಲೂ ದಸರಾ, ಮೊಸರು ಕುಡಿಕೆಯ ಮೆರವಣಿಗೆಯಲ್ಲಿ ದೊಣ್ಣೆ ತಿರುಗಿಸುವ ಆಟಕ್ಕೆ ತಾಲೀಮು ಅಂತಲೇ ಹೆಸರು. (ಗರಡಿ ಅಂದರೆ ನಮ್ಮ ಕಡೆ ಕೋಟಿ ಚೆನ್ನಯರ ನೆನಪು ಬರುತ್ತದೆ, ಅದು ಬೇರೆ ವಿಷಯ.)

ಇದನ್ನು ಮೊದಲೇ ಹೇಳಲು ಕಾರಣ ಇದೆ. ಮಂಗಳೂರು, ಬಂಟ್ವಾಳ, ಪುತ್ತೂರು, ಎಲ್ಲಿ ನೋಡಿದರೂ ಈಗ ಕರಾಟೆ ಕ್ಲಾಸ್. ಎಷ್ಟೋ ಬೋರ್ಡುಗಳಲ್ಲಿ ಕರಾಟೆ, ಕುಂಗ್ ಫು, ಕಿಕ್ ಬಾಕ್ಸಿಂಗ್ ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಮಗನನ್ನೋ ಮಗಳನ್ನೋ ಸೇರಿಸಲು ಹೋದ ತಂದೆ-ತಾಯಿ 'ಇದರಲ್ಲಿ ಏನು ವ್ಯತ್ಯಾಸ' ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಚೀನಾದ್ದು ಮೆದು, ಜಪಾನಿನದ್ದು ಗಟ್ಟಿ. ಚೀನಾದ್ದು ವೃತ್ತ, ಜಪಾನಿನದ್ದು ಗೆರೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಚೀನಾದ ಶಿಂಗ್ ಯಿ ಎಂಬ ಪದ್ಧತಿ ಬಾಣದ ಹಾಗೆ ನೇರ ಮುನ್ನುಗ್ಗುತ್ತದೆ, ಜಪಾನಿನ ಐಕಿಡೊ ಬುಗುರಿಯಂತೆ ಸುತ್ತುತ್ತದೆ. ಇವೆರಡನ್ನು ನೋಡಿದರೆ ಸಾಕು, ಆ ಸೂತ್ರ ಮುರಿದು ಬೀಳುತ್ತದೆ. ನಿಜವಾದ ವ್ಯತ್ಯಾಸ ಕೈಕಾಲಿಗಿಂತ ಹೆಚ್ಚಾಗಿ ಕಲಿಸುವ ವ್ಯವಸ್ಥೆಯಲ್ಲಿದೆ. ಯಾರು, ಯಾರಿಗೆ, ಎಷ್ಟು, ಯಾವ ಲೆಕ್ಕದಲ್ಲಿ ಕಲಿಸುತ್ತಾರೆ ಅನ್ನುವುದರಲ್ಲಿ. ಅದನ್ನು ಅಳೆಯಲು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ್ ಕಡೆಯ ಕುಸ್ತಿಯಷ್ಟು ಒಳ್ಳೆಯ ಅಳತೆಗೋಲು ಹತ್ತಿರದಲ್ಲಿ ಬೇರೆ ಇಲ್ಲ.

ಇಚಲಕರಂಜಿಯಿಂದ ಶುರು ಮಾಡೋಣ. ಬಟ್ಟೆ ವ್ಯಾಪಾರ ಗೊತ್ತಿರುವವರಿಗೆ ಈ ಊರಿನ ಹೆಸರು ಹೊಸತಲ್ಲ. 1904ರಲ್ಲಿ ಅಲ್ಲಿಗೆ ಮೊದಲ ಪವರ್‌ಲೂಮ್ ಬಂತು. ಅದಕ್ಕಿಂತ ಮುಂಚೆ ಇದ್ದದ್ದು ಕೈಮಗ್ಗ. ಕೈಮಗ್ಗದ ಮನೆಯಲ್ಲಿ ಅಪ್ಪ ಮಗನಿಗೆ ಕಲಿಸುತ್ತಾನೆ, ಪ್ರತಿ ಮನೆಯ ನೇಯ್ಗೆಗೂ ಒಂದು ಗುರುತು ಇರುತ್ತದೆ, ಒಂದು ಸೀರೆಯ ಹಾಗೆ ಇನ್ನೊಂದು ಇರುವುದಿಲ್ಲ. ಪವರ್‌ಲೂಮ್ ಬಂದ ಮೇಲೆ ಒಂದೇ ಅಳತೆ, ಒಂದೇ ನೂಲಿನ ಲೆಕ್ಕ. ಇಲ್ಲಿ ನೇಯ್ದ ಮೀಟರೂ ಅಲ್ಲಿ ನೇಯ್ದ ಮೀಟರೂ ಒಂದೇ ತರ. ಚೀನಾದ ಯುದ್ಧಕಲೆ ಬಹುಕಾಲ ಕೈಮಗ್ಗದ ಮನೆಯಾಗಿಯೇ ಉಳಿಯಿತು. ಜಪಾನ್ 19ನೇ ಶತಮಾನದ ಕೊನೆಯಲ್ಲಿ ತನ್ನ ಕಲೆಯನ್ನು ಪವರ್‌ಲೂಮಿಗೆ ಹಾಕಿತು. ಹೋಲಿಕೆ ಒರಟು ಅನಿಸಬಹುದು, ಆದರೆ ವಿಷಯ ಹಿಡಿಯಲು ಇದು ಸಾಕು. ಪವರ್‌ಲೂಮಿನ ಬಟ್ಟೆ ಕೀಳು ಅಂತ ಇದರ ಅರ್ಥ ಅಲ್ಲ. ಊರಿಗೆಲ್ಲ ಬಟ್ಟೆ ತೊಡಿಸಿದ್ದು ಅದೇ ತಾನೆ?

ಚೀನಾ: ಊರಿಗೊಂದು ಪಟ್ಟು, ಮನೆಗೊಂದು ಗುಟ್ಟು

ಕುಂಗ್ ಫು ಅನ್ನುವ ಪದಕ್ಕೆ ಚೀನೀ ಭಾಷೆಯಲ್ಲಿ ಹೊಡೆದಾಟ ಎಂಬ ಅರ್ಥವೇ ಇಲ್ಲ. ಕಾಲ ಕೊಟ್ಟು, ಬೆವರು ಸುರಿಸಿ ಗಳಿಸಿದ ಪಳಗಿಕೆ ಅಂತ ಅರ್ಥ. ಅಡುಗೆಯವರಿಗೂ ಕುಂಗ್ ಫು ಇರಬಹುದು, ಬಡಗಿಗೂ ಇರಬಹುದು. ಹೊಡೆದಾಟದ ಕಲೆಗೆ ಅವರು ಬಳಸುವ ಪದ ವುಶು. 1973ರಲ್ಲಿ ಬ್ರೂಸ್ ಲೀ ಅವರ 'ಎಂಟರ್ ದ ಡ್ರ್ಯಾಗನ್' ಬಂದ ಮೇಲೆ ಜಗತ್ತಿಡೀ ಕುಂಗ್ ಫು ಎಂಬ ಹೆಸರೇ ಗಟ್ಟಿಯಾಯಿತು. ಆ ಬ್ರೂಸ್ ಲೀ ಹಾಂಗ್‌ಕಾಂಗ್‌ನಲ್ಲಿ ಕಲಿತದ್ದು ವಿಂಗ್ ಚುನ್ ಎಂಬ ಒಂದು ದಕ್ಷಿಣದ ಪದ್ಧತಿ ಮಾತ್ರ. ಇಂತಹ ಪದ್ಧತಿಗಳು ಚೀನಾದಲ್ಲಿ ನೂರಾರು ಇವೆ.

ಅಲ್ಲಿ ಕಲೆ ಊರಿಗೆ, ಕುಟುಂಬಕ್ಕೆ, ಗುರುವಿಗೆ ಅಂಟಿಕೊಂಡದ್ದು. ಇವತ್ತು ಪಾರ್ಕುಗಳಲ್ಲಿ ಹಿರಿಯರು ನಿಧಾನಕ್ಕೆ ಕೈಯಾಡಿಸುವ ತೈಚಿ ಮೂಲದಲ್ಲಿ ಹೆನಾನ್ ಪ್ರಾಂತ್ಯದ ಚೆನ್ ಎಂಬ ಮನೆತನದ ಹಳ್ಳಿಯದು. 19ನೇ ಶತಮಾನದಲ್ಲಿ ಯಾಂಗ್ ಲೂಚಾನ್ ಎಂಬವರು ಅಲ್ಲಿ ಕಲಿತು ಬೀಜಿಂಗ್‌ಗೆ ಕೊಂಡೊಯ್ದ ಮೇಲೆ ಅದು ಹೊರಗಿನವರಿಗೆ ಸಿಕ್ಕಿತು. ಉತ್ತರದ ಬಯಲು ಸೀಮೆಯ ಪದ್ಧತಿಗಳಲ್ಲಿ ದೊಡ್ಡ ಹೆಜ್ಜೆ, ಎತ್ತರದ ಒದೆತ ಹೆಚ್ಚು. ದಕ್ಷಿಣದ ಗುವಾಂಗ್‌ಡಾಂಗ್, ಫುಜಿಯಾನ್ ಕಡೆ ಕಾಲು ನೆಲಕ್ಕೆ ಬೇರು ಬಿಟ್ಟ ಹಾಗೆ, ಕೈಕೆಲಸ ಹತ್ತಿರದಿಂದ. ಬರಿಗೈ ಅರ್ಧ ಮಾತ್ರ. ಕೋಲು, ಈಟಿ, ಕತ್ತಿ ಕಲಿಯದೆ ಅಲ್ಲಿ ಪಾಠ ಮುಗಿಯುವುದಿಲ್ಲ.

ಇಲ್ಲಿ ನಮ್ಮ ಓದುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಅಧ್ಯಾಯ ಇದೆ. ಚೀನಾದ ಹುಯಿ ಮುಸ್ಲಿಮರ ನಡುವೆ ಬೆಳೆದ ಪದ್ಧತಿಗಳು ಆ ದೇಶದ ಯುದ್ಧಕಲೆಯ ಮುಖ್ಯ ಕೊಂಬೆಗಳಲ್ಲೇ ಸೇರುತ್ತವೆ. ಚಾ ಚುಆನ್ ಎಂಬ ಉದ್ದ ಹೆಜ್ಜೆಯ ಪದ್ಧತಿ ಹುಯಿ ಸಮುದಾಯದ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಮೊಣಕೈ, ಭುಜ ಬಳಸಿ ಹತ್ತಿರದಿಂದ ಸ್ಫೋಟದಂತೆ ಬಡಿಯುವ ಬಾಜಿ ಚುಆನ್‌ಗೆ ಹೆಬೈ ಪ್ರಾಂತ್ಯದ ಮೆಂಗ್‌ಚುನ್ ತವರು. ಅದು ಇಂದಿಗೂ ಹುಯಿ ಸ್ವಾಯತ್ತ ಕೌಂಟಿ. ಅದೇ ಸೀಮೆಯ ಚಾಂಗ್‌ಝೌನಲ್ಲಿ 1881ರಲ್ಲಿ ಹುಟ್ಟಿದ ವಾಂಗ್ ಝಿಪಿಂಗ್ ಎಂಬ ಹುಯಿ ಮುಸ್ಲಿಂ ಪೈಲ್ವಾನ, 1928ರಲ್ಲಿ ನಾನ್‌ಜಿಂಗ್‌ನಲ್ಲಿ ಚೀನಾ ಸರಕಾರ ಕಟ್ಟಿದ ರಾಷ್ಟ್ರೀಯ ಯುದ್ಧಕಲೆ ಸಂಸ್ಥೆಯಲ್ಲಿ ಶಾವೊಲಿನ್ ವಿಭಾಗದ ಮುಖ್ಯಸ್ಥರಾಗಿದ್ದರು. ಬೌದ್ಧ ಮಠದ ಹೆಸರು ಹೊತ್ತ ವಿಭಾಗಕ್ಕೆ ಒಬ್ಬ ಮುಸ್ಲಿಂ ಉಸ್ತಾದ್! ಸಿನಿಮಾದಲ್ಲಿ ಕುಂಗ್ ಫು ನೋಡುವವರಿಗೆ ಈ ಚೀನಾ ಕಾಣುವುದೇ ಇಲ್ಲ.

ಈ ಕೈಮಗ್ಗದ ಪದ್ಧತಿಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ, ಬೆಲ್ಟ್ ಇರಲಿಲ್ಲ. 'ನಿನ್ನ ಗುರು ಯಾರು, ಅವರ ಗುರು ಯಾರು' ಅನ್ನುವುದೇ ಸರ್ಟಿಫಿಕೇಟ್. ಗುರುವಿಗೆ ಮನಸ್ಸು ಬಂದರೆ ಪೂರ್ತಿ ಕಲಿಸುತ್ತಾರೆ, ಇಲ್ಲದಿದ್ದರೆ ಹತ್ತು ವರ್ಷ ಬರೀ ನಿಲ್ಲುವುದನ್ನೇ ಕಲಿಸಬಹುದು. ಒಳ್ಳೆಯದು ಅಪ್ಪಟವಾಗಿ ಉಳಿಯಿತು. ಗುರು ತೀರಿಕೊಂಡಾಗ ಎಷ್ಟೋ ವಿದ್ಯೆ ಅವರ ಜೊತೆಗೇ ಮಣ್ಣಾಯಿತು ಅನ್ನುವುದೂ ಅಷ್ಟೇ ನಿಜ.

ಜಪಾನ್: ಮೇಷ್ಟ್ರು ಬರೆದ ಸಿಲೆಬಸ್

ಜಪಾನಿನಲ್ಲೂ ಹಳೆಯ ಕಾಲದಲ್ಲಿ ಇದೇ ಕಥೆ. ಸಮುರಾಯಿಗಳ ಕಾಲದ ಜುಜುತ್ಸು ಶಾಲೆಗಳು ಬೇಕಾದಷ್ಟಿದ್ದವು, ಒಂದಕ್ಕೊಂದು ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಅದನ್ನು ತಿರುಗಿಸಿದವರು ಕಾನೊ ಜಿಗೊರೊ. ಅವರು ಯೋಧ ಅಲ್ಲ, ಶಿಕ್ಷಕ. 1882ರಲ್ಲಿ ಟೋಕಿಯೊದ ಒಂದು ಮಂದಿರದ ಕೋಣೆಯಲ್ಲಿ ಬೆರಳೆಣಿಕೆಯ ಶಿಷ್ಯರನ್ನು ಇಟ್ಟುಕೊಂಡು ಕೊಡೊಕಾನ್ ಶುರು ಮಾಡಿದರು. ಬೇರೆ ಬೇರೆ ಜುಜುತ್ಸು ಪಟ್ಟುಗಳನ್ನು ಕೂಡಿಸಿದರು, ಅಂಗ ಊನ ಮಾಡುವಂಥವನ್ನು ಸ್ಪರ್ಧೆಯಿಂದ ಹೊರಗಿಟ್ಟರು, ಉಳಿದದ್ದನ್ನು ಇಬ್ಬರೂ ಪೂರ್ತಿ ಬಲ ಹಾಕಿ ದಿನಾ ಅಭ್ಯಾಸ ಮಾಡುವಂತೆ ಹೊಂದಿಸಿದರು. ಅದೇ ಜೂಡೊ. ಜುತ್ಸು ಅಂದರೆ ಕೌಶಲ, ಡೊ ಅಂದರೆ ದಾರಿ. ಹೆಸರಿನ ಬಾಲ ಬದಲಾದದ್ದರಲ್ಲೇ ಉದ್ದೇಶ ಬದಲಾದದ್ದು ಕಾಣುತ್ತದೆ.

1883ರಲ್ಲಿ ಕಾನೊ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಈ ಡಾನ್ ಲೆಕ್ಕ ಯುದ್ಧಕಲೆಯದ್ದೇ ಅಲ್ಲ, ಗೊ ಎಂಬ ಹಾಸಿನಾಟದ ಆಟಗಾರರ ದರ್ಜೆಯಿಂದ ಎರವಲು ತಂದದ್ದು. ಬ್ಲ್ಯಾಕ್ ಬೆಲ್ಟ್ ಬಂದದ್ದೂ ಕಾನೊ ಅವರ ಅಂಗಳದಿಂದಲೇ. ಹಳದಿ, ಕಿತ್ತಳೆ, ಹಸಿರು, ನೀಲಿ ಅಂತ ಬಣ್ಣಬಣ್ಣದ ಬೆಲ್ಟುಗಳು ಆಮೇಲೆ ಯುರೋಪಿನ ಜೂಡೊ ಕ್ಲಬ್ಬುಗಳಲ್ಲಿ ಜನಪ್ರಿಯವಾದವು. ಸಾವಿರಾರು ವರ್ಷದ ಪರಂಪರೆ ಅಂತ ನಾವು ಪೂಜ್ಯ ಭಾವದಿಂದ ನೋಡುವ ಬೆಲ್ಟಿನ ವಯಸ್ಸು ನೂರೈವತ್ತು ವರ್ಷವೂ ಆಗಿಲ್ಲ ಮಾರಾಯ್ರೆ.

ಕರಾಟೆಯ ಕಥೆ ಇನ್ನೂ ಸ್ವಾರಸ್ಯ. ಅದು ಜಪಾನಿನ ಮುಖ್ಯ ದ್ವೀಪದ್ದೇ ಅಲ್ಲ. ದಕ್ಷಿಣದ ಒಕಿನಾವಾ ದ್ವೀಪದ್ದು. ಒಕಿನಾವಾದವರಿಗೆ ಚೀನಾದ ಫುಜಿಯಾನ್ ಜೊತೆ ಶತಮಾನಗಳ ಕಾಲದ ಹಡಗು ವ್ಯಾಪಾರ ಇತ್ತು. ಸರಕು ಬಂದ ದಾರಿಯಲ್ಲೇ ವಿದ್ಯೆಯೂ ಬಂತು. ಕರಾವಳಿಯ ವ್ಯಾಪಾರಿ ಸಮುದಾಯದವರಿಗೆ ಇದು ಹೇಗೆ ಅಂತ ವಿವರಿಸುವುದು ಬೇಡ. ಹಾಗಾಗಿ ಕರಾಟೆಯನ್ನು ಮೊದಲು ಬರೆಯುತ್ತಿದ್ದ ಅಕ್ಷರಗಳ ಅರ್ಥವೇ 'ಚೀನೀ ಕೈ'. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಇತೊಸು ಆಂಕೊ ಎಂಬ ಗುರುಗಳು ಅದನ್ನು ಒಕಿನಾವಾದ ಶಾಲೆಗಳಿಗೆ ತಂದರು, ಮಕ್ಕಳಿಗೆ ಆಗುವಂತೆ ಚಿಕ್ಕ ಚಿಕ್ಕ ಪಾಠ ಮಾಡಿದರು. 1922ರಲ್ಲಿ ಫುನಾಕೊಶಿ ಗಿಚಿನ್ ಟೋಕಿಯೊಗೆ ಹೋಗಿ ಪ್ರದರ್ಶನ ಕೊಟ್ಟು ಅಲ್ಲೇ ನೆಲೆಸಿದರು. ಜೂಡೊದಿಂದ ಬಿಳಿ ಡ್ರೆಸ್, ಬೆಲ್ಟ್, ಡಾನ್ ಎಲ್ಲ ಕರಾಟೆಗೆ ಬಂದವು. ಚೀನಾ–ಜಪಾನ್ ಸಂಬಂಧ ಹದಗೆಟ್ಟಿದ್ದ ಕಾಲ ಅದು. 1936ರಲ್ಲಿ ಒಕಿನಾವಾದ ನಾಹಾ ನಗರದಲ್ಲಿ ಹಿರಿಯ ಗುರುಗಳು ಸಭೆ ಸೇರಿ 'ಚೀನೀ ಕೈ' ಬದಲು 'ಬರಿಗೈ' ಎಂದು ಬರೆಯಲು ಒಪ್ಪಿದರು. ಉಚ್ಚಾರ ಒಂದೇ, ಅಕ್ಷರ ಬೇರೆ. ಒಂದು ಅಕ್ಷರದಲ್ಲಿ ಚೀನಾದ ಋಣ ಕಣ್ಣಿಗೆ ಕಾಣದಾಯಿತು.

ಈಗ ಕೈಕಾಲಿನ ವಿಷಯ. ಒಂದು ಹಾಲ್‌ನಲ್ಲಿ ಐದು ನಿಮಿಷ ನಿಂತು ನೋಡಿದರೆ ಇದು ಕರಾಟೆಯೋ ಕುಂಗ್ ಫುವೋ ಅಂತ ಹೇಗೆ ಹೇಳುವುದು? ಕರಾಟೆಯಲ್ಲಿ ಪ್ರತಿ ಹೊಡೆತಕ್ಕೂ ಒಂದು ಪೂರ್ಣವಿರಾಮ ಇರುತ್ತದೆ. ಸೊಂಟ ತಿರುಗಿ, ಮುಷ್ಟಿ ಗುರಿಗೆ ಮುಟ್ಟುವ ಕ್ಷಣಕ್ಕೆ ಇಡೀ ಮೈ ಬಿಗಿದು ನಿಲ್ಲುತ್ತದೆ, ಡ್ರೆಸ್ಸಿನ ತೋಳು 'ಚಟ್' ಅನ್ನುತ್ತದೆ. ತಡೆ ಒಂದು, ಹೊಡೆತ ಎರಡು ಅಂತ ಲೆಕ್ಕ. ಚೀನೀ ಪದ್ಧತಿಗಳಲ್ಲಿ ಹೆಚ್ಚಿನವು ಅಲ್ಪವಿರಾಮದಲ್ಲೇ ಓಡುತ್ತವೆ: ತಡೆದ ಕೈಯೇ ಹೊಡೆತವಾಗುತ್ತದೆ, ಒಂದು ಚಲನೆಯ ಕೊನೆ ಇನ್ನೊಂದರ ಆರಂಭ. ಜಪಾನಿನವರು ಬರಿಗಾಲಿನಲ್ಲಿ ಇರುತ್ತಾರೆ, ಯಾಕೆಂದರೆ ಅವರ ಡೋಜೊ ಮನೆಯೊಳಗಿನ ಜಾಗ, ಮರದ ನೆಲ ಅಥವಾ ಚಾಪೆ. ಚೀನೀಯರು ಸಾಮಾನ್ಯವಾಗಿ ಶೂ ಹಾಕುತ್ತಾರೆ, ಅವರದ್ದು ಅಂಗಳ, ಬಯಲು. ಒಬ್ಬನೇ ಮಾಡುವ ಅಭ್ಯಾಸ ಎರಡರಲ್ಲೂ ಇದೆ. ಕರಾಟೆಯ ಕಟಾ ಚಿಕ್ಕದು, ಶುರು ಮಾಡಿದ ಜಾಗಕ್ಕೇ ಬಂದು ಮುಗಿಯುವಂಥದ್ದು. ಚೀನೀ ತಾವ್‌ಲು ಉದ್ದ, ಹಾರುವುದು, ಕೂರುವುದು, ಹೊರಳುವುದು ಎಲ್ಲ ಇರಬಹುದು.

ಹಾಗಂತ ಚೀನಾ ಕೈಮಗ್ಗದಲ್ಲೇ ನಿಂತಿಲ್ಲ. 1950ರ ದಶಕದಿಂದ ಸರಕಾರವೇ ವುಶುವಿಗೆ ಒಂದೇ ಅಚ್ಚಿನ ಸ್ಪರ್ಧಾ ಪಾಠಗಳನ್ನು ಬರೆಸಿತು, ಅದು ಜಿಮ್ನಾಸ್ಟಿಕ್ಸ್ ಹತ್ತಿರದ ಆಟವಾಯಿತು. ಹೊಡೆದಾಟಕ್ಕೆ ಸಾಂಡಾ ಎಂಬ ಬೇರೆ ಸ್ಪರ್ಧೆ ಬಂತು. ಮಣಿಪುರದ ರೋಶಿಬಿನಾ ದೇವಿ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. 1990ರ ದಶಕದಲ್ಲಿ ಚೀನಾ ಕೂಡ ದರ್ಜೆ ಲೆಕ್ಕ ತಂದಿತು, ಡಾನ್ ಬರೆಯುವ ಅದೇ ಅಕ್ಷರದಲ್ಲಿ.

ಕೊಲ್ಹಾಪುರದ ಕೆಂಪು ಮಣ್ಣು

ಹಾಗಾದರೆ ಕೊಲ್ಹಾಪುರದ ತಾಲೀಮ್ ಯಾವ ಕಡೆಗೆ? ಅರ್ಧ ಚೀನಾ, ಅರ್ಧ ಜೂಡೊ ಅನ್ನಬಹುದು. ವಸ್ತಾದ್ ಹೆಸರಲ್ಲೇ ಶಿಷ್ಯನ ಗುರುತು, ತಾಲೀಮಿಗೆ ತಾಲೀಮಿಗೆ ಹಳೆಯ ಪೈಪೋಟಿ, ಬರೆದಿಟ್ಟ ಸಿಲೆಬಸ್ ಇಲ್ಲ, ಬೆಲ್ಟ್ ಇಲ್ಲ. ಇದು ಚೀನಾದ ರೀತಿ. ಆದರೆ ಪಟ್ಟು ಬರುತ್ತದೋ ಇಲ್ಲವೋ ಅನ್ನುವುದು ದಿನಾ ಬೆಳಗ್ಗೆ ತೀರ್ಮಾನ ಆಗುತ್ತದೆ. ನಸುಕಿನಲ್ಲಿ ಎದ್ದು ದಂಡ, ಬೈಠಕ್ ಹೊಡೆದ ಮೇಲೆ ಜೋರ್ ಶುರು. ಜೋರ್ ಅಂದರೆ ಇಬ್ಬರು ಮೈಯೆಲ್ಲ ಮಣ್ಣು ಮಾಡಿಕೊಂಡು ನಿಜವಾಗಿ ಹಿಡಿಯುವುದು. ಅಲ್ಲಿ ಗಾಳಿಗೆ ಗುದ್ದುವ ಅಭ್ಯಾಸ ಇಲ್ಲ, ಎದುರಿನವ ಬೀಳಲು ಒಪ್ಪುವುದಿಲ್ಲ. ಕಾನೊ ಜೂಡೊದಲ್ಲಿ ತಂದದ್ದೂ ಇದನ್ನೇ.

ಹೌದ ಎಂಬ ಮಣ್ಣಿನ ಕಣದಲ್ಲಿ ಬರೀ ಮಣ್ಣಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆ ರಸ, ಕರ್ಪೂರ ಸೇರಿಸಿ ಹದ ಮಾಡುತ್ತಾರೆ. ಬಿದ್ದರೆ ಮೈ ಕೆತ್ತಬಾರದು, ಬೆವರಿದ ಮೈಗೆ ಹಿಡಿತ ಸಿಗಬೇಕು. ಈ ಕುಸ್ತಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟವರು ಛತ್ರಪತಿ ಶಾಹು ಮಹಾರಾಜರು. 1902ರಲ್ಲಿ ಇಂಗ್ಲೆಂಡಿಗೆ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಹೋದವರು ರೋಮ್‌ನ ಕೊಲೋಸಿಯಂ ನೋಡಿ ಬಂದರು. ಅದರ ಮಾದರಿಯಲ್ಲಿ ಖಾಸ್‌ಬಾಗ್ ಮೈದಾನ ಕಟ್ಟಿಸಿದರು, 1912ರಲ್ಲಿ ಮುಗಿಯಿತು. ನಡುವೆ ಕಣ, ಸುತ್ತ ಇಳಿಜಾರು. ಎಲ್ಲಿ ಕೂತರೂ ಎದುರಿನವರ ತಲೆ ಅಡ್ಡ ಬರುವುದಿಲ್ಲ. ಅಲ್ಲಿ ನಡೆದ ಮೊದಲ ದೊಡ್ಡ ಕುಸ್ತಿ ಇಮಾಂ ಬಕ್ಷ್ ಮತ್ತು ಗುಲಾಂ ಮೊಹಿಯುದ್ದೀನ್ ನಡುವೆ. ಇಮಾಂ ಬಕ್ಷ್ ಅಂದರೆ ಗಾಮಾ ಪೈಲ್ವಾನರ ತಮ್ಮ. ಹಿಂದೂ ರಾಜ, ಪಂಜಾಬಿನ ಮುಸ್ಲಿಂ ಪೈಲ್ವಾನರು, ಮರಾಠಿ ಪ್ರೇಕ್ಷಕರು. ಯಾರಿಗೂ ಅದು ವಿಶೇಷ ಅನಿಸಲಿಲ್ಲ.

ಕನ್ನಡಿಗರ ಪಾಲೂ ಇದರಲ್ಲಿ ಸಣ್ಣದಲ್ಲ. ಗಡಹಿಂಗ್ಲಜ್ ಕಡೆ ಹೋದವರಿಗೆ ಗೊತ್ತು, ಸಂಕೇಶ್ವರ ಪಕ್ಕದಲ್ಲೇ. ಎಷ್ಟೋ ಮನೆಗಳಲ್ಲಿ ಕನ್ನಡ, ಪೇಟೆಗೆ ಬಂದರೆ ಮರಾಠಿ. ಗಡಿ ಯಾವುದು ಅಂತ ಕುಸ್ತಿ ಯಾವತ್ತೂ ಕೇಳಿಲ್ಲ. 1959ರಲ್ಲಿ ಮೊದಲ ಹಿಂದ್ ಕೇಸರಿ ಆದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಎಕ್ಸಂಬಾದವರು, ಪಳಗಿದ್ದು ಕೊಲ್ಹಾಪುರದಲ್ಲಿ.

ಮಣ್ಣಿನ ಕುಸ್ತಿಯ ನಿಯಮ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಎದುರಿನವನ ಎರಡೂ ಭುಜ ಮಣ್ಣಿಗೆ ತಾಗಬೇಕು, ಆಗಲೇ ಚಿತ್. ಪಾಯಿಂಟ್ ಲೆಕ್ಕ ಇಲ್ಲ. ಹಿಂದೆಲ್ಲ ಸಮಯದ ಲೆಕ್ಕವೂ ಇರಲಿಲ್ಲ. ಲಂಗೋಟ ಹಿಡಿದು ಎತ್ತಬಹುದು. ಮ್ಯಾಟ್ ಕುಸ್ತಿ ಬೇರೆಯದೇ ವ್ಯವಹಾರ. ತೂಕದ ವಿಭಾಗ, ಈಗ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಪಾಯಿಂಟ್, ಫ್ರೀಸ್ಟೈಲ್‌ನಲ್ಲಿ ಹತ್ತು ಪಾಯಿಂಟ್ ಮುಂದೆ ಹೋದರೆ ಅಲ್ಲಿಗೇ ಮುಗಿಯಿತು. ಕಾಲ ಕೆಳಗೆ ಮಣ್ಣು ಹೂತುಕೊಳ್ಳುವುದಿಲ್ಲ, ರಬ್ಬರ್ ಪುಟಿಯುತ್ತದೆ. ಮಣ್ಣಿನಲ್ಲಿ ಕಾದು ದಣಿಸಿ ಗೆಲ್ಲುವವನು ಮ್ಯಾಟ್ ಮೇಲೆ ಕಾಯುತ್ತಾ ನಿಂತರೆ ಗಂಟೆ ಬಾರಿಸುತ್ತದೆ.

ಇದರ ಬೆಲೆ ಎಷ್ಟು ಅಂತ ಮೊದಲು ಕಂಡವರು ಖಾಶಾಬಾ ಜಾಧವ್. ಕರಾಡ್ ಹತ್ತಿರದ ಗೋಳೇಶ್ವರ ಹಳ್ಳಿಯವರು, ಓದಿದ್ದು ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟರು. ಮ್ಯಾಟ್ ಮತ್ತು ಅಂತಾರಾಷ್ಟ್ರೀಯ ನಿಯಮ ಎರಡೂ ಹೊಸತು, ಆದರೂ ಆರನೇ ಸ್ಥಾನ. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ. ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಆ ಕಾಲದ 7,000 ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿ.

ಹೆಲ್ಸಿಂಕಿಯಲ್ಲಿ 57 ಕೆ.ಜಿ. ವಿಭಾಗದಲ್ಲಿ ಅವರ ಎದುರು ಬಂದವರಲ್ಲಿ ಒಬ್ಬರು ಜಪಾನಿನ ಇಶಿಯಿ ಶೊಹಾಚಿ. ಈ ಇಶಿಯಿ ಮೊದಲು ಜೂಡೊ ಪಟು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಆಕ್ರಮಿತ ಆಡಳಿತ ಜೂಡೊಗೆ ನಿರ್ಬಂಧ ಹಾಕಿತು, ಅವರು ಕುಸ್ತಿಗೆ ಬಂದರು. ಜಪಾನಿಗೆ ಅದು ತೀರಾ ಹೊಸ ದಾರಿಯಲ್ಲ. ಆ ದೇಶದಲ್ಲಿ ಒಲಿಂಪಿಕ್ ಕುಸ್ತಿಯನ್ನು 1930ರ ದಶಕದಲ್ಲಿ ಕಟ್ಟಿದ ಹಟ್ಟಾ ಇಚಿರೊ ಕೂಡ ಜೂಡೊದಿಂದ ಬಂದವರೇ. ಅಂದರೆ ಆ ದಿನ ಮ್ಯಾಟ್ ಮೇಲೆ ನಿಂತದ್ದು ಬರೀ ಇಬ್ಬರು ಆಳುಗಳಲ್ಲ. ಒಂದು ಕಡೆ ತಾಲೀಮಿನ ಮಣ್ಣು, ಇನ್ನೊಂದು ಕಡೆ ಕಾನೊ ಮೇಷ್ಟ್ರ ಸಿಲೆಬಸ್. ದೀರ್ಘ ಸೆಣಸಾಟದ ನಂತರ ಜಾಧವ್ ಸೋತರು. ದಣಿವಾರಿಸಿಕೊಳ್ಳಲು ಬಿಡದೆ ಅವರನ್ನು ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್ ಎದುರು ಇಳಿಸಿದರು, ನಡುವೆ ಅರ್ಧ ಗಂಟೆ ವಿಶ್ರಾಂತಿಯ ನಿಯಮ ಇದ್ದರೂ ಅದನ್ನು ಎತ್ತಿ ಕೇಳಲು ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ ಎಂಬುದು ಕೊಲ್ಹಾಪುರದ ಕುಸ್ತಿ ಮಂದಿ ಇಂದಿಗೂ ಹೇಳುವ ಮಾತು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೊವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಆ ಒಲಿಂಪಿಕ್ಸ್‌ನಲ್ಲಿ ಜಪಾನ್ ಗೆದ್ದ ಒಂದೇ ಒಂದು ಚಿನ್ನ ಅದು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವೂ ಅಲ್ಲೇ ಬಂತು. ಊರಿಗೆ ಬಂದ ಜಾಧವ್ ಕುಸ್ತಿ ಆಡಿ ದುಡ್ಡು ಕೂಡಿಸಿ ಪ್ರಾಂಶುಪಾಲರ ಸಾಲ ತೀರಿಸಿದರು.

ಜಾಧವ್ ಪಟ್ಟಿನಲ್ಲಿ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ವ್ಯವಸ್ಥೆ. ಎದುರಿನವನ ಹಿಂದೆ ಕ್ಲಬ್ಬು, ವಿಶ್ವವಿದ್ಯಾಲಯ, ನಿಯಮ ಬಲ್ಲ ಅಧಿಕಾರಿ ಇದ್ದರು. ಇವರ ಹಿಂದೆ ಒಂದು ಅಡವಿಟ್ಟ ಮನೆ ಇತ್ತು.

ಇಮಾಂ ಬಕ್ಷ್ ಮನೆಯಲ್ಲೂ ಇಂಥದ್ದೇ ಒಂದು ನಡೆಯಿತು. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಅವರ ಮಗ ಅಕ್ರಂ ಪೈಲ್ವಾನ್ ಜಪಾನಿನ ಆಂಟೊನಿಯೊ ಇನೋಕಿ ಎದುರು ಇಳಿದರು. ಇನೋಕಿ ಜೂಡೊದವರಲ್ಲ, ವೃತ್ತಿಪರ ಕುಸ್ತಿಯವರು. ಆದರೆ ಕೀಲು ತಿರುಗಿಸಿ ಗೆಲ್ಲುವ ವಿದ್ಯೆ ಚೆನ್ನಾಗಿ ಬಲ್ಲವರು. ಮಣ್ಣಿನ ಕುಸ್ತಿಯಲ್ಲಿ ಗುರಿ ಭುಜ ತಾಗಿಸುವುದು, ಕೀಲು ಮುರಿಯುವುದಲ್ಲ. ಅಕ್ರಂ ಅವರ ತೋಳು ಹೋಯಿತು, ಆಟ ಅಲ್ಲಿಗೇ ನಿಂತಿತು. ಪೈಲ್ವಾನ ದುರ್ಬಲ ಅಂತ ಅಲ್ಲ, ಪ್ರಶ್ನೆಪತ್ರಿಕೆಯೇ ಬೇರೆ ಇತ್ತು.

ಇವತ್ತಿನ ತಂದೆ-ತಾಯಿಗೆ ಇದರಿಂದ ಏನು? ತುಂಬಾ ಇದೆ. ಕೊಲ್ಹಾಪುರ ಸುತ್ತಿನಲ್ಲಿ ತಾಲೀಮಿಗೆ ಮಗನನ್ನು ಬಿಡುವ ರೈತನ ಮನೆಯ ಲೆಕ್ಕ ಹೀಗೆ: ಕಲಿಸುವುದಕ್ಕೆ ಫೀಸು ದೊಡ್ಡದಲ್ಲ, ತಿನ್ನಿಸುವುದೇ ದೊಡ್ಡದು. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ, ಮಾಂಸ, ಮೊಟ್ಟೆ. ವರ್ಷಗಟ್ಟಲೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಪ್ರತಿಫಲ ಮಣ್ಣಿನಲ್ಲಾದರೆ ಜಾತ್ರೆಯ ಬಹುಮಾನ, ಗದೆ, ಹೆಸರು. ಪೊಲೀಸ್, ರೈಲ್ವೆ ಕೆಲಸದ ಕ್ರೀಡಾ ಕೋಟಾಕ್ಕೆ ಮ್ಯಾಟಿನ ಸರ್ಟಿಫಿಕೇಟ್ ಬೇಕು. ಹಾಗಾಗಿ ಹಳೆ ತಾಲೀಮುಗಳೂ ಮಣ್ಣಿನ ಕಣದ ಪಕ್ಕ ಮ್ಯಾಟ್ ಹಾಸಿವೆ. ಗಡಹಿಂಗ್ಲಜ್‌ನಲ್ಲಿ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಜಾಸ್ತಿ, ಅಲ್ಲಿ ಕ್ಲಬ್ಬು ಇದೆ, ಟೂರ್ನಮೆಂಟ್ ಇದೆ, ಮೇಲೆ ಹತ್ತಲು ಏಣಿ ಕಾಣುತ್ತದೆ. ಏಣಿ ಕಾಣುವ ಕಡೆ ಮಕ್ಕಳು ಹೋಗುತ್ತಾರೆ. ಜಪಾನ್ ಮಾಡಿದ್ದು ಯುದ್ಧಕಲೆಗೆ ಏಣಿ ಹಾಕುವ ಕೆಲಸವನ್ನೇ.

ಅದೇ ಕೊಲ್ಹಾಪುರದ ಮರ್ದಾನಿ ಖೇಳ್ ನೋಡಿ. ದಾಂಡಪಟ್ಟಾ ಎಂಬ ಉದ್ದ ಕತ್ತಿ, ಹಗ್ಗ ಕಟ್ಟಿ ಎಸೆದು ಸೆಳೆಯುವ ವಿಟಾ ಎಂಬ ಈಟಿ, ಲಾಠಿ. ಶಿವಜಯಂತಿ, ದಸರಾದಲ್ಲಿ ಜನ ಬಾಯಿ ಬಿಟ್ಟು ನೋಡುತ್ತಾರೆ. ಕೆಲವು ಕುಟುಂಬಗಳು, ಕೆಲವು ಪೇಟೆಗಳು ಕೈದಾಟಿಸಿ ಉಳಿಸಿಕೊಂಡು ಬಂದಿವೆ. ಆದರೆ ಎದುರಾಳಿಯ ಜೊತೆ ನಿಜವಾಗಿ ಆಡುವ ಕಣ ಅದಕ್ಕೆ ಉಳಿದಿಲ್ಲ, ಪ್ರದರ್ಶನವೇ ಹೆಚ್ಚು. ಚೀನಾದ ಎಷ್ಟೋ ಹಳೆಯ ಪದ್ಧತಿಗಳಿಗೆ ಆದದ್ದೂ ಇದೇ. ಕರಾವಳಿಯ ತಾಲೀಮೂ ಹೆಚ್ಚುಕಡಿಮೆ ಈ ದಾರಿಯಲ್ಲೇ ಇದೆ ಅನ್ನುವುದು ಬೇಸರದ ವಿಷಯ.

ಏಣಿಗೂ ಒಂದು ರೋಗ ಇದೆ. ಮೆಟ್ಟಿಲಿಗೆ ದುಡ್ಡು ಸಿಗುತ್ತದೆ ಅಂತ ಗೊತ್ತಾದರೆ ಮೆಟ್ಟಿಲು ಹೆಚ್ಚುತ್ತಾ ಹೋಗುತ್ತದೆ. ಹಳದಿ ಬೆಲ್ಟಿಗೆ ಪರೀಕ್ಷಾ ಫೀಸು, ಹಸಿರಿಗೆ ಫೀಸು, ನಡುವೆ ಅರ್ಧ ಬಣ್ಣದ ಪಟ್ಟಿಗೆ ಫೀಸು. ಮೂರ್ನಾಲ್ಕು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡು ಫೋಟೊಗೆ ನಿಂತ ಹುಡುಗನನ್ನು ತನ್ನಷ್ಟೇ ತೂಕದ ಇನ್ನೊಬ್ಬ ಗಟ್ಟಿಯಾಗಿ ಹಿಡಿದರೆ ಬಿಡಿಸಿಕೊಳ್ಳಲು ಬಾರದು. ಇದು ಕರಾಟೆಯ ತಪ್ಪಲ್ಲ, ಅಂಗಡಿಯ ತಪ್ಪು. ಇತ್ತ ಕುಂಗ್ ಫು ಬೋರ್ಡ್ ಹಾಕಿದವರಲ್ಲಿ ಬೇರೆ ತೊಂದರೆ: ಶಾವೊಲಿನ್ ಅಂತ ಹೇಳುತ್ತಾರೆ, ಯಾವ ಗುರುವಿನ ಬಳಿ ಎಷ್ಟು ವರ್ಷ ಕಲಿತಿರಿ ಅಂದರೆ ಮಾತು ಬೇರೆ ಕಡೆ ಹೋಗುತ್ತದೆ.

ಆದ್ದರಿಂದ ಮಕ್ಕಳನ್ನು ಸೇರಿಸುವ ಮುಂಚೆ ಕೇಳುವ ಪ್ರಶ್ನೆ ಎರಡೂ ಕಡೆ ಒಂದೇ ಆಗಿರಬಾರದು. ಕರಾಟೆ, ಜೂಡೊ ಕ್ಲಾಸ್ ಆದರೆ ಡಾನ್ ಕೊಟ್ಟ ಸಂಸ್ಥೆ ಯಾವುದು, ಅದು ಯಾವ ರಾಷ್ಟ್ರೀಯ ಫೆಡರೇಷನ್‌ಗೆ ಸೇರಿದೆ, ಶಾಲಾ ಕ್ರೀಡಾಕೂಟಕ್ಕೆ ಈ ಮಕ್ಕಳು ಹೋಗಬಹುದೇ ಅಂತ ಕೇಳಿ. ಬೆಲ್ಟ್ ಪರೀಕ್ಷೆಯ ಒಟ್ಟು ಖರ್ಚು ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಕುಂಗ್ ಫು ಆದರೆ ಪದ್ಧತಿಯ ಹೆಸರು ಕೇಳಿ, ಗುರುವಿನ ಗುರುವಿನ ಹೆಸರು ಕೇಳಿ. ಎರಡರಲ್ಲೂ ಒಂದು ದಿನ ಸಂಜೆ ಮೂಲೆಯಲ್ಲಿ ಕೂತು ನೋಡಿ, ಹಳೆಯ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ಒಪ್ಪಂದ ಇಲ್ಲದೆ ನಿಜವಾಗಿ ಆಡುತ್ತಾರೆಯೇ ಅಂತ. ಕೊಲ್ಹಾಪುರದ ತಾಲೀಮಿನಲ್ಲಿ ಇದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ನಸುಕಿನಲ್ಲಿ ಬಾಗಿಲಿಗೆ ಹೋಗಿ ನಿಂತರೆ ಸಾಕು, ಹುಡುಗರ ಬೆನ್ನಿನ ಮೇಲೆ ಎಷ್ಟು ಮಣ್ಣಿದೆ ಅಂತ ಕಾಣುತ್ತದೆ.